ಮನೆಯ ಹಾಡು ಮನೆಯಲ್ಲೇ ದಾಖಲಾಗಲಿ: ಆಡಿಯೊ ಇಂಟರ್‌ಫೇಸ್ ಆಯ್ಕೆ ಮತ್ತು ಜೋಡಣೆ



ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋದಾಗ ಸೋದರತ್ತೆಯನ್ನು ಕೂರಿಸಿಕೊಂಡು ಬೀಸುವ ಪದಗಳನ್ನು ರೆಕಾರ್ಡ್ ಮಾಡಿದೆ. ಹೊಸದಾಗಿ ಕೊಂಡ ಆಡಿಯೊ ಇಂಟರ್‌ಫೇಸ್, ಒಂದು ಮೈಕು, ಲ್ಯಾಪ್‌ಟಾಪ್ ಎಲ್ಲವೂ ಇತ್ತು. ದನಿ ಜೋರಾಗಿ ಬಂದಷ್ಟೂ ಒಳ್ಳೆಯದು ಎಂದುಕೊಂಡು ಕೆಂಪು ದೀಪ ಮಿನುಗುವವರೆಗೂ ಗುಂಡಿ ತಿರುಗಿಸಿದೆ. ಅತ್ತೆ ಹನ್ನೊಂದು ಪದ ಹಾಡಿದಳು. ಸೊಲ್ಲಾಪುರಕ್ಕೆ ಬಂದು ಕೇಳಿದರೆ, ದನಿ ಏರಿದ ಕಡೆಯಲ್ಲೆಲ್ಲ ಬಟ್ಟೆ ಹರಿದಂತಹ ಸದ್ದು. ಮುಂದಿನ ಸಲ ಮತ್ತೆ ಹಾಡಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ಸಲ ಹೋಗುವ ಹೊತ್ತಿಗೆ ಅವಳಿಗೆ ಹಾಡುವಷ್ಟು ಉಸಿರು ಉಳಿದಿರಲಿಲ್ಲ. ಹನ್ನೊಂದರಲ್ಲಿ ಕೇಳುವಂತಿರುವುದು ಮೂರು ಮಾತ್ರ.

ತಪ್ಪು ಯಂತ್ರದ್ದಲ್ಲ, ನನ್ನದು. ಆ ತಪ್ಪು ನಿಮ್ಮಿಂದ ಆಗಬಾರದು ಎಂದು ಈ ಲೇಖನ. ಗಡಿಯ ನಮ್ಮ ಊರುಗಳಲ್ಲಿ ಈಗ ಮನೆಯಲ್ಲೇ ರೆಕಾರ್ಡ್ ಮಾಡುವವರು ಹೆಚ್ಚುತ್ತಿದ್ದಾರೆ. ಕಾಸರಗೋಡಿನವರಿಗೆ ತಾಳಮದ್ದಳೆ ಬೇಕು, ಸೊಲ್ಲಾಪುರ ಮತ್ತು ಜತ್ತಿನ ಕಡೆಯವರಿಗೆ ವಚನ ಗಾಯನ ಬೇಕು, ತಾಳವಾಡಿಯವರಿಗೆ ಮಾದಪ್ಪನ ಹಾಡು ಬೇಕು. ಮಕ್ಕಳ ಶಾಲೆ ಮರಾಠಿಯಲ್ಲೋ ಮಲಯಾಳದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ನಡೆಯುವ ಮನೆಗಳಲ್ಲಿ ಅಜ್ಜಿಯ ಕನ್ನಡವನ್ನು ಮೊಮ್ಮಕ್ಕಳು ಮುಂದೆ ಕೇಳಬೇಕಾದರೆ ಇಂತಹ ರೆಕಾರ್ಡಿಂಗ್‌ಗಳೇ ಆಧಾರ. ಹಿರಿಯರು ಒಂದು ಹಾಡನ್ನು ಒಮ್ಮೆಯೇ ಹಾಡಿಯಾರು. ಆ ಒಂದು ಸಲಕ್ಕೆ ನಾವು ಸಿದ್ಧವಾಗಿರಬೇಕು. ಕೊಳ್ಳುವಾಗಲೂ ಜೋಡಿಸುವಾಗಲೂ ಈ ಮಾತು ನೆನಪಿನಲ್ಲಿದ್ದರೆ ಉಳಿದದ್ದು ಸುಲಭ.

ಫೋನ್ ಸಾಲದೇ?

ಬೇರೆ ಏನೂ ಇಲ್ಲದಾಗ ಫೋನಿನಲ್ಲೇ ರೆಕಾರ್ಡ್ ಮಾಡಿ, ಸಂಕೋಚ ಬೇಡ. ಇಲ್ಲದಿರುವುದಕ್ಕಿಂತ ಇರುವುದು ಮೇಲು. ಆದರೆ ಫೋನಿನ ಸಾಮಾನ್ಯ ರೆಕಾರ್ಡರನ್ನು ಮಾತು ಸ್ಪಷ್ಟವಾಗಿ ಕೇಳಲೆಂದು ರೂಪಿಸಿರುತ್ತಾರೆ. ಹಲವು ಫೋನುಗಳು ಸದ್ದು ಇಳಿದಾಗ ತಾವೇ ಮಟ್ಟ ಏರಿಸುತ್ತವೆ, ಏರಿದಾಗ ಇಳಿಸುತ್ತವೆ, ಹಿನ್ನೆಲೆಯ ಸದ್ದನ್ನು ಗದ್ದಲವೆಂದು ತಿಳಿದು ಒರೆಸಿಹಾಕುತ್ತವೆ. ತಂಬೂರಿಯ ನಾದ, ಪದ್ಯದ ಕೊನೆಯಲ್ಲಿ ನಿಧಾನವಾಗಿ ಅಡಗುವ ಭಾಗವತರ ದನಿ, ಬೀಸುವ ಕಲ್ಲಿನ ಗರಗರ ಇವೆಲ್ಲ ಫೋನಿಗೆ ಗದ್ದಲ, ನಮಗೆ ಹಾಡಿನ ಭಾಗ. ಫೈಲನ್ನು ಚಿಕ್ಕದಾಗಿಸಲು ಫೋನು ಕೆಲವು ವಿವರಗಳನ್ನು ಬಿಟ್ಟೂಬಿಡುತ್ತದೆ. ಬಿಟ್ಟದ್ದು ಆಮೇಲೆ ಬರುವುದಿಲ್ಲ.

ಇಂಟರ್‌ಫೇಸ್ ಮಾಡುವ ಕೆಲಸ

ಆಡಿಯೊ ಇಂಟರ್‌ಫೇಸ್ ಎಂದರೆ ಮೈಕು ಮತ್ತು ಕಂಪ್ಯೂಟರಿನ ನಡುವೆ ಕೂರುವ ಚಿಕ್ಕ ಪೆಟ್ಟಿಗೆ. ಅದಕ್ಕೆ ಮೂರು ಕೆಲಸ.

ಒಂದು, ಮೈಕಿನಿಂದ ಬರುವ ತೀರ ಸಣ್ಣ ವಿದ್ಯುತ್ ಸಂಕೇತವನ್ನು ದೊಡ್ಡದು ಮಾಡುವುದು. ಸಾಮಾನ್ಯ ಮೈಕಿನಿಂದ ಹೊರಡುವುದು ಒಂದೆರಡು ಮಿಲಿವೋಲ್ಟ್ ಮಾತ್ರ. ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು. ಈ ಭಾಗದ ಹೆಸರು ಪ್ರಿಆಂಪ್. ಅದರ ಗುಂಡಿಯೇ ಗೇನ್. 60 ಡೆಸಿಬಲ್ ಗೇನ್ ಎಂದರೆ ಸಾವಿರ ಪಟ್ಟು ಎಂದು ಲೆಕ್ಕ.

ಎರಡು, ಹಿಗ್ಗಿದ ಸಂಕೇತವನ್ನು ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರಿಗೆ ಕಳುಹಿಸುವುದು. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಅಳೆಯಬೇಕು ಎಂಬುದು ಸ್ಯಾಂಪಲ್ ರೇಟ್. ಸಿಡಿಗೆ 44,100 ಸಲ, ವಿಡಿಯೊಗೆ ಸಾಮಾನ್ಯವಾಗಿ 48,000 ಸಲ. ಪ್ರತಿ ಅಳತೆ ಎಷ್ಟು ಸೂಕ್ಷ್ಮ ಎಂಬುದು ಬಿಟ್ ಲೆಕ್ಕ. 16 ಬಿಟ್ಟಿನಲ್ಲಿ 65,536 ಮೆಟ್ಟಿಲು, 24 ಬಿಟ್ಟಿನಲ್ಲಿ ಸುಮಾರು 1.67 ಕೋಟಿ ಮೆಟ್ಟಿಲು.

ಮೂರು, ಕಂಪ್ಯೂಟರಿನಲ್ಲಿರುವ ಅಂಕಿಗಳನ್ನು ಮರಳಿ ದನಿಯಾಗಿಸಿ ಹೆಡ್‌ಫೋನಿಗೆ ಅಥವಾ ಸ್ಪೀಕರಿಗೆ ಕೊಡುವುದು.

ಇಷ್ಟೇ. ಇಂಟರ್‌ಫೇಸ್ ದನಿಯನ್ನು ಸುಂದರ ಮಾಡುವುದಿಲ್ಲ. ಇದ್ದದ್ದನ್ನು ಕೆಡಿಸದೆ ಒಳಗೆ ತರುವುದು ಅದರ ಧರ್ಮ. ಇಂದಿನ ಕಡಿಮೆ ಬೆಲೆಯ ಪೆಟ್ಟಿಗೆಗಳೂ ಈ ಕೆಲಸವನ್ನು ಮನೆಬಳಕೆಗೆ ಸಾಕಾಗುವಷ್ಟು ಚೆನ್ನಾಗಿ ಮಾಡುತ್ತವೆ. ಹಾಗಾಗಿ ಸಾಲ ಮಾಡಿ ದೊಡ್ಡದನ್ನು ಕೊಳ್ಳುವ ಅಗತ್ಯವಿಲ್ಲ.

ಮೊದಲು ದನಿಗಳನ್ನು ಎಣಿಸಿ

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆಯಿರಿ: ಏಕಕಾಲಕ್ಕೆ ಎಷ್ಟು ಮೈಕು ಬೇಕು? ಆಯ್ಕೆಯ ಮುಕ್ಕಾಲು ಭಾಗ ಅಲ್ಲೇ ಮುಗಿಯುತ್ತದೆ.

ಒಬ್ಬರೇ ಮಾತಾಡುವುದು, ಒಬ್ಬರೇ ಹಾಡುವುದು ಆದರೆ ಒಂದು ಮೈಕು ಸಾಕು. ಬೆಹ್ರಿಂಗರ್ ಯುಎಂಸಿ22, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಈ ಗುಂಪಿನವು. ಇವೆರಡರಲ್ಲೂ ಎರಡು ತೂತು ಕಂಡರೂ ಮೈಕಿಗೆ ಇರುವುದು ಒಂದೇ. ಇನ್ನೊಂದು ಗಿಟಾರಿನಂತಹ ವಾದ್ಯಕ್ಕೆ. ಯುಎಂಸಿ22 ರೆಕಾರ್ಡ್ ಮಾಡುವುದು 16 ಬಿಟ್ಟಿನಲ್ಲಿ ಮಾತ್ರ ಎಂಬುದನ್ನೂ ಗಮನಿಸಿ.

ಹಾಡುಗಾರರ ಜೊತೆ ಹಾರ್ಮೋನಿಯಂ, ತಬಲಾ ಇದ್ದರೆ ಎರಡು ಮೈಕು ಬೇಕು: ಒಂದು ಕಂಠಕ್ಕೆ, ಒಂದು ವಾದ್ಯಗಳ ನಡುವೆ. ಬೆಹ್ರಿಂಗರ್ ಯುಎಂಸಿ202ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಆಡಿಯೆಂಟ್ ಇವೊ 4, ಮೋಟು ಎಂ2 ಇವುಗಳಲ್ಲಿ ಎರಡೆರಡು ಮೈಕ್ ಪ್ರಿಆಂಪ್ ಇವೆ. ನಾಲ್ಕೂ 24 ಬಿಟ್ಟಿನವು.

ತಾಳಮದ್ದಳೆ, ಭಜನಾ ಮಂಡಳಿಯಂತಹ ಕೂಟಕ್ಕೆ ನಾಲ್ಕು ಮೈಕಿನ ಪೆಟ್ಟಿಗೆ ಒಳ್ಳೆಯದು. ಭಾಗವತರಿಗೆ ಒಂದು, ಚೆಂಡೆ ಮತ್ತು ಮದ್ದಳೆಗೆ ಒಂದು, ಎದುರುಬದುರು ಕೂರುವ ಅರ್ಥಧಾರಿಗಳಿಗೆ ಎರಡು. ಬೆಹ್ರಿಂಗರ್ ಯುಎಂಸಿ404ಎಚ್‌ಡಿಯಲ್ಲಿ ನಾಲ್ಕು ಮೈಕ್ ಪ್ರಿಆಂಪ್ ಇವೆ; ಆದರೆ ಅದಕ್ಕೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಬೇಕು.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಹೆಸರಿನಲ್ಲಿ 4 ಇದ್ದ ಮಾತ್ರಕ್ಕೆ ನಾಲ್ಕು ಮೈಕು ಜೋಡಿಸಬಹುದು ಎಂದು ತಿಳಿಯಬೇಡಿ. ಸ್ಕಾರ್ಲೆಟ್ 4ಐ4ರಲ್ಲಿ ಮೈಕಿಗಿರುವುದು ಎರಡೇ, ಉಳಿದೆರಡು ಕೀಬೋರ್ಡ್ ಮುಂತಾದವಕ್ಕೆ. ಇವೊ 4ರಲ್ಲೂ ಮೈಕಿಗೆ ಎರಡೇ. ಆದ್ದರಿಂದ "ಮೈಕ್ ಪ್ರಿಆಂಪ್ ಎಷ್ಟು?" ಎಂದೇ ಕೇಳಿ.

ಒಂದೇ ಮೈಕು ಸಾಕು ಎನ್ನುವವರಿಗೂ ಕೈಗೆಟುಕಿದರೆ ಎರಡು ಪ್ರಿಆಂಪ್ ಇರುವ ಪೆಟ್ಟಿಗೆಯನ್ನೇ ನಾನು ಸೂಚಿಸುತ್ತೇನೆ. ಅದರ ಕಾರಣವನ್ನು ಗೇನ್ ಭಾಗದಲ್ಲಿ ಹೇಳುತ್ತೇನೆ.

ಪಟ್ಟಿಯಲ್ಲಿ ಇನ್ನು ನಾಲ್ಕು ವಿಷಯ ನೋಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್ ಇರಬೇಕು. 48 ವೋಲ್ಟ್ ಫ್ಯಾಂಟಮ್ ಪವರ್ ಇರಬೇಕು. ಹೆಡ್‌ಫೋನ್ ತೂತು ಮತ್ತು ಡೈರೆಕ್ಟ್ ಮಾನಿಟರ್ ಸ್ವಿಚ್ ಇರಬೇಕು. ನಿಮ್ಮ ಕಂಪ್ಯೂಟರಿನ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಡ್ರೈವರ್ ಸಿಗಬೇಕು. 96 ಅಥವಾ 192 ಕಿಲೋಹರ್ಟ್ಸ್ ಎಂಬ ದೊಡ್ಡ ಅಂಕಿಗಳಿಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಹೇಳುವ ಕನಿಷ್ಠ ಮಟ್ಟವೂ 48 ಕಿಲೋಹರ್ಟ್ಸ್, 24 ಬಿಟ್ ಆಗಿದೆ. ನಮ್ಮ ಮನೆಯ ಹಾಡಿಗೆ ಅದು ಸಾಕು.

ಕರೆಂಟಿಲ್ಲದ ಹೊಲದಮನೆಗೆ, ಜಾತ್ರೆಗೆ ಹೋಗಿ ರೆಕಾರ್ಡ್ ಮಾಡುವುದೇ ನಿಮ್ಮ ಮುಖ್ಯ ಕೆಲಸವಾದರೆ ಇಂಟರ್‌ಫೇಸ್ ಬಿಟ್ಟು ಬ್ಯಾಟರಿಯ ಕೈ ರೆಕಾರ್ಡರ್ ಕೊಳ್ಳುವುದು ಜಾಣತನ. ಇಂಟರ್‌ಫೇಸ್ ಇರುವುದು ಮನೆಯ ಕೋಣೆಗೆ.

ಮೈಕು ಮತ್ತು ತಂತಿ

ಮೈಕುಗಳಲ್ಲಿ ಎರಡು ಮುಖ್ಯ ಬಗೆ. ಡೈನಮಿಕ್ ಮೈಕು ಗಟ್ಟಿ, ಹತ್ತಿರದ ದನಿಯನ್ನು ಹಿಡಿಯುತ್ತದೆ, ದೂರದ ಗದ್ದಲವನ್ನು ಅಷ್ಟಾಗಿ ಹಿಡಿಯುವುದಿಲ್ಲ. ವೇದಿಕೆಗಳಲ್ಲಿ ನಾವು ನೋಡುವ ಶೂರ್ ಎಸ್‌ಎಂ58 ಈ ಬಗೆಯದು. ಕಂಡೆನ್ಸರ್ ಮೈಕು ಸೂಕ್ಷ್ಮ, ದನಿಯ ಸಣ್ಣ ವಿವರಗಳನ್ನೂ ತರುತ್ತದೆ. ಜೊತೆಗೆ ಪಕ್ಕದ ಮನೆಯ ಟಿವಿಯನ್ನೂ ತರುತ್ತದೆ. ಅದಕ್ಕೆ 48 ವೋಲ್ಟ್ ಬೇಕೇ ಬೇಕು. ಬೀದಿಯ ಪಕ್ಕದ ಮನೆಯವರಿಗೆ ಡೈನಮಿಕ್, ಊರಾಚೆಯ ಶಾಂತ ಮನೆಯವರಿಗೆ ಕಂಡೆನ್ಸರ್ ಎಂದು ಸ್ಥೂಲವಾಗಿ ಹೇಳಬಹುದು.

ತಂತಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ಭಜನಾ ಮಂದಿರದ ಆಂಪ್ಲಿಫೈಯರಿಗೆ ಹಾಕುವ ಮೈಕು ತಂತಿಯ ಒಂದು ತುದಿಯಲ್ಲಿ ದಪ್ಪ ಮೊಳೆಯಂತಹ ಜ್ಯಾಕ್ ಇರುತ್ತದೆ. ಅದನ್ನೇ ಇಂಟರ್‌ಫೇಸಿಗೆ ಚುಚ್ಚಿದರೆ ಅದು ಮೈಕಿನ ದಾರಿಗೆ ಹೋಗದೆ ವಾದ್ಯದ ದಾರಿಗೆ ಹೋಗುತ್ತದೆ. ಅಲ್ಲಿ ಗೇನ್ ಸಾಲದು, ಫ್ಯಾಂಟಮ್ ಪವರೂ ಬಾರದು. ದನಿ ಸಣ್ಣದಾಗಿ, ಬುಸುಗುಡುತ್ತಾ ಬರುತ್ತದೆ. ಎರಡೂ ತುದಿಯಲ್ಲಿ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಇರುವ ತಂತಿಯನ್ನೇ ತನ್ನಿ. ಪೆಟ್ಟಿಗೆ ಸರಿಯಿಲ್ಲ ಎಂದು ವಾಪಸು ಕೊಡಲು ಹೊರಟವರಿಗೆ ಮೊದಲು ತಂತಿ ಬದಲಿಸಿ ನೋಡಿ ಎನ್ನುತ್ತೇನೆ.

ಇದರೊಂದಿಗೆ ಒಂದು ಮೈಕ್ ಸ್ಟ್ಯಾಂಡ್ ಮತ್ತು ಕಿವಿ ಪೂರ್ತಿ ಮುಚ್ಚುವ, ತಂತಿಯಿರುವ ಹೆಡ್‌ಫೋನ್ ಬೇಕು. ಬ್ಲೂಟೂತ್ ಹೆಡ್‌ಫೋನಿನಲ್ಲಿ ದನಿ ತಡವಾಗಿ ಬರುತ್ತದೆ, ಈ ಕೆಲಸಕ್ಕೆ ಆಗದು. ಮೈಕನ್ನು ಕೈಯಲ್ಲಿ ಹಿಡಿಸಬೇಡಿ. ಬಳೆಯ ಸದ್ದೂ ಬೆರಳಿನ ಸದ್ದೂ ಒಳಗೆ ಬರುತ್ತವೆ.

ಜೋಡಣೆ, ಒಂದೊಂದಾಗಿ

1. ವಿಂಡೋಸ್ ಇದ್ದರೆ ಮೊದಲು ತಯಾರಕರ ಜಾಲತಾಣದಿಂದ ಡ್ರೈವರ್ ಹಾಕಿಕೊಳ್ಳಿ. ಮ್ಯಾಕಿನಲ್ಲಿ ಬಹುತೇಕ ಪೆಟ್ಟಿಗೆಗಳು ಡ್ರೈವರ್ ಇಲ್ಲದೆಯೇ ಕೆಲಸ ಮಾಡುತ್ತವೆ.

2. ಇಂಟರ್‌ಫೇಸನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ನೇರವಾಗಿ ಸೇರಿಸಿ. ನಡುವೆ ಅಗ್ಗದ ಹಬ್ ಬೇಡ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಪೆಟ್ಟಿಗೆಗೆ ಹಬ್ಬಿನಲ್ಲಿ ಸಾಕಷ್ಟು ಸಿಗದೆ ನಡುನಡುವೆ ಕಡಿದುಹೋಗಬಹುದು.

3. ಗೇನ್ ಗುಂಡಿಯನ್ನೂ ಹೆಡ್‌ಫೋನ್ ಗುಂಡಿಯನ್ನೂ ಪೂರ್ತಿ ಇಳಿಸಿ. ಮೈಕು ಜೋಡಿಸಿ. ಕಂಡೆನ್ಸರ್ ಆದರೆ ಮಾತ್ರ ಈಗ 48 ವೋಲ್ಟ್ ಒತ್ತಿ. ಮೈಕು ತೆಗೆಯುವಾಗ ಮೊದಲು 48 ವೋಲ್ಟ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ತಂತಿ ಕಳಚಿ.

4. ಕಂಪ್ಯೂಟರಿನ ಧ್ವನಿ ಸೆಟ್ಟಿಂಗಿನಲ್ಲಿ ಒಳಬರುವ ಮತ್ತು ಹೊರಹೋಗುವ ಎರಡೂ ಕಡೆ ಇಂಟರ್‌ಫೇಸ್ ಹೆಸರನ್ನು ಆಯ್ದುಕೊಳ್ಳಿ. ವಿಂಡೋಸಿನಲ್ಲಿ "ಎನ್‌ಹಾನ್ಸ್‌ಮೆಂಟ್" ಎಂಬುದು ಚಾಲೂ ಇದ್ದರೆ ಆರಿಸಿ. ಮೈಕ್ರೊಫೋನ್ ಬಳಸಲು ಸಾಫ್ಟ್‌ವೇರಿಗೆ ಅನುಮತಿ ಇದೆಯೇ ನೋಡಿ.

5. ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆಯಿರಿ. ಆಡಾಸಿಟಿ ಉಚಿತ, ಕಲಿಯಲು ಸುಲಭ. ವಿಂಡೋಸಿನಲ್ಲಿ ಅದರ ಆಡಿಯೊ ಹೋಸ್ಟ್ ಜಾಗದಲ್ಲಿ ವಾಸಪಿ ಆಯ್ದುಕೊಳ್ಳಿ. ನಾಲ್ಕು ಮೈಕಿನ ಕೆಲಸಕ್ಕೆ ಎಎಸ್‌ಐಒ ಡ್ರೈವರನ್ನು ಬಳಸಬಲ್ಲ ರೀಪರ್ ಅನುಕೂಲ. 60 ದಿನ ಹಣ ಕೊಡದೆ ಬಳಸಿ ನೋಡಬಹುದು. ಮ್ಯಾಕಿನವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ.

6. ಪ್ರಾಜೆಕ್ಟ್ ರೇಟ್ 48,000, ಬಿಟ್ 24 ಎಂದು ಇಡಿ. ವಿಂಡೋಸ್ ಸೆಟ್ಟಿಂಗಿನಲ್ಲೂ ಅದೇ ಅಂಕಿ ಇರಲಿ. ಆಡಾಸಿಟಿಯಲ್ಲಿ ಸ್ಟೀರಿಯೊ ಆಯ್ದರೆ ಮೊದಲ ಮೈಕು ಎಡಕ್ಕೂ ಎರಡನೆಯದು ಬಲಕ್ಕೂ ಬರುತ್ತದೆ. ಒಂದೇ ಮೈಕಾದರೆ ಮೋನೊ ಸಾಕು.

7. ರೆಕಾರ್ಡ್ ಒತ್ತಿ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ತೆರೆಯ ಮೇಲೆ ಅಲೆ ದೊಡ್ಡದಾಗಿ ಎದ್ದರೆ ಸರಿ. ಲ್ಯಾಪ್‌ಟಾಪ್ ಕೆರೆದಾಗ ಅಲೆ ಎದ್ದರೆ ರೆಕಾರ್ಡ್ ಆಗುತ್ತಿರುವುದು ಲ್ಯಾಪ್‌ಟಾಪಿನ ಒಳಮೈಕು. ಇಡೀ ಸಂಜೆ ಹಾಡಿಸಿ ಕೊನೆಗೆ ಒಳಮೈಕಿನ ದನಿ ಸಿಕ್ಕಿದ ಕತೆಗಳು ಎಲ್ಲ ಊರಲ್ಲೂ ಇವೆ.

ಗೇನ್: ಇಡೀ ಕೆಲಸದ ಜೀವ

ಈಗ ನನ್ನ ತಪ್ಪಿನ ವಿಷಯಕ್ಕೆ ಬರೋಣ.

ಅಂಕಿಯ ರೆಕಾರ್ಡಿಂಗಿಗೆ ಒಂದು ಮೇಲ್ಮಿತಿ ಇದೆ. ಮೀಟರಿನಲ್ಲಿ ಅದನ್ನು 0 ಎಂದು ಬರೆದಿರುತ್ತಾರೆ, ಅದರ ಕೆಳಗಿನದ್ದೆಲ್ಲ ಮೈನಸ್. ಸೇರು ತುಂಬಿದ ಮೇಲೆ ಸುರಿದ ಜೋಳ ಹೊರಗೆ ಚೆಲ್ಲುವಂತೆ 0 ದಾಟಿದ ದನಿಗೆ ಜಾಗವಿಲ್ಲ. ಅಲೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಕೆಂಪು ದೀಪ ಹೇಳುವುದು ಇದನ್ನೇ. ಸ್ವಲ್ಪ ಹರಿದದ್ದನ್ನು ಸಾಫ್ಟ್‌ವೇರ್ ಊಹಿಸಿ ತೇಪೆ ಹಾಕಬಲ್ಲದು, ಆದರೆ ಹೋದ ದನಿಯನ್ನು ತಂದುಕೊಡಲಾರದು.

ಹಾಗಾದರೆ ಕಡಿಮೆ ಮಟ್ಟದಲ್ಲಿ ರೆಕಾರ್ಡ್ ಮಾಡಿದರೆ ಗುಣಮಟ್ಟ ಕೆಡುವುದಿಲ್ಲವೇ? 24 ಬಿಟ್ಟಿನಲ್ಲಿ ಆ ಹೆದರಿಕೆ ಬೇಡ. ಒಂದೊಂದು ಬಿಟ್ಟಿಗೆ ಸುಮಾರು 6 ಡೆಸಿಬಲ್. ಅತಿ ಜೋರಾದ ದನಿಯೂ ಮೈನಸ್ 12ರಲ್ಲೇ ನಿಲ್ಲುವಂತೆ ಇಟ್ಟರೆ ನಾವು ಬಿಟ್ಟುಕೊಟ್ಟದ್ದು ಎರಡು ಬಿಟ್ ಮಾತ್ರ. ಉಳಿದ 22 ಸಿಡಿಯ 16ಕ್ಕಿಂತ ಬಹಳ ಹೆಚ್ಚು. ದನಿಯನ್ನು ಆಮೇಲೆ ಏರಿಸಿಕೊಳ್ಳಬಹುದು. ಹರಿದದ್ದನ್ನು ಆಮೇಲೆ ಸರಿಪಡಿಸಲಾಗದು. ಜೋರಾಗಿ ರೆಕಾರ್ಡ್ ಮಾಡಬೇಕೆಂಬ ಹಳೆಯ ಮಾತು ಕ್ಯಾಸೆಟ್ ಕಾಲದ್ದು. ಆಗ ಟೇಪಿನ ಬುಸುಗುಡುವ ಸದ್ದನ್ನು ಮುಚ್ಚಲು ಅದು ಬೇಕಾಗಿತ್ತು.

ವಿಧಾನ ಹೀಗೆ. ಹಾಡುವವರಿಗೆ ಅವರ ಅತಿ ಜೋರಾದ ಸಾಲನ್ನು ಒಮ್ಮೆ ಹಾಡಲು ಹೇಳಿ. ಮೀಟರಿನ ತುದಿ ಮೈನಸ್ 15ರ ಸುತ್ತ ಬರುವವರೆಗೆ ಗೇನ್ ಏರಿಸಿ. ಪರೀಕ್ಷೆಯಲ್ಲಿ ಎಲ್ಲರೂ ಸಂಕೋಚದಿಂದ ಹಾಡುತ್ತಾರೆ, ಹಾಡಿನಲ್ಲಿ ಮೈಮರೆತಾಗ ದನಿ ಏರುತ್ತದೆ. ಆ ಏರಿಕೆಗೆ ಜಾಗ ಬಿಟ್ಟಿರಬೇಕು. ನಿಜವಾದ ಹಾಡಿನಲ್ಲಿ ತುದಿ ಮೈನಸ್ 12 ಅಥವಾ 10 ದಾಟದಿದ್ದರೆ ನಿಮ್ಮ ಗೇನ್ ಸರಿಯಾಗಿದೆ. 16 ಬಿಟ್ಟಿನ ಪೆಟ್ಟಿಗೆ ಇರುವವರೂ ಇದೇ ಮಟ್ಟ ಇಟ್ಟುಕೊಳ್ಳಬಹುದು, ಇದಕ್ಕಿಂತ ಬಹಳ ಕೆಳಗೆ ಇಳಿಸಬೇಡಿ. ಚೆಂಡೆಯ ಪೆಟ್ಟಿಗೆ ಇನ್ನೂ ಹೆಚ್ಚು ಜಾಗ ಬಿಡಿ, ಮೈಕನ್ನು ಮೂರು ನಾಲ್ಕು ಅಡಿ ದೂರವಿಡಿ.

ಎರಡು ಪ್ರಿಆಂಪಿನ ಪೆಟ್ಟಿಗೆ ಕೊಳ್ಳಿ ಎಂದದ್ದು ಇದಕ್ಕೇ. ಒಬ್ಬರೇ ಹಾಡುವಾಗ ಎರಡು ಮೈಕನ್ನು ಅಕ್ಕಪಕ್ಕ ಇಟ್ಟು, ಎರಡನೆಯದರ ಗೇನ್ ಮೊದಲಿನದಕ್ಕಿಂತ 10 ಡೆಸಿಬಲ್ ಕಡಿಮೆ ಇಡಿ. ಮೊದಲಿನದು ಎಲ್ಲಾದರೂ ಹರಿದರೆ ಎರಡನೆಯದರಲ್ಲಿ ಆ ಸಾಲು ಇಡಿಯಾಗಿ ಇರುತ್ತದೆ. ಅಂದು ನಾನು ಹೀಗೆ ಮಾಡಿದ್ದರೆ ಹನ್ನೊಂದೂ ಪದ ಉಳಿಯುತ್ತಿದ್ದವು.

ಕೆಲವು ಹೊಸ ಪೆಟ್ಟಿಗೆಗಳು ಗೇನನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಇವೊ 4ರಲ್ಲಿ, ನಾಲ್ಕನೇ ತಲೆಮಾರಿನ ಸ್ಕಾರ್ಲೆಟ್ 2ಐ2ರಲ್ಲಿ ಈ ಸೌಲಭ್ಯವಿದೆ. ಆ ಸ್ಕಾರ್ಲೆಟ್‌ನಲ್ಲಿ ದನಿ ಮಿತಿ ಮೀರುವಾಗ ಗೇನ್ ಇಳಿಸುವ ಏರ್ಪಾಡೂ ಇದೆ. ಹೊಸಬರಿಗೆ ಇದು ಉಪಯುಕ್ತ. ಆದರೂ ಮೀಟರ್ ಮೇಲೆ ಕಣ್ಣಿರಲಿ.

ದನಿ ತಡವಾಗಿ ಕೇಳಿದರೆ

ಹಾಡುವವರು ಹೆಡ್‌ಫೋನ್ ಹಾಕಿಕೊಂಡಾಗ ತಮ್ಮ ದನಿ ತಮಗೇ ಮಾರ್ದನಿಯಂತೆ ತಡವಾಗಿ ಕೇಳುತ್ತದೆ ಎಂದು ದೂರುವುದುಂಟು. ಕಂಪ್ಯೂಟರ್ ದನಿಯನ್ನು ಚಿಕ್ಕ ಚಿಕ್ಕ ಕಂತುಗಳಲ್ಲಿ ತೆಗೆದುಕೊಳ್ಳುತ್ತದೆ. ಕಂತಿನ ಗಾತ್ರವೇ ಬಫರ್. 48,000ದ ರೇಟಿನಲ್ಲಿ 128ರ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್, 1024 ಎಂದರೆ ಸುಮಾರು 21 ಮಿಲಿಸೆಕೆಂಡ್. ಹೋಗಿ ಬರುವ ಎರಡೂ ದಾರಿ ಸೇರಿ ಇದು ಇನ್ನೂ ಹೆಚ್ಚುತ್ತದೆ. ಬಫರ್ ಚಿಕ್ಕದಾದಷ್ಟು ತಡ ಕಡಿಮೆ, ಕಂಪ್ಯೂಟರಿನ ಮೇಲೆ ಹೊರೆ ಹೆಚ್ಚು. ಹೊರೆ ತಾಳದಿದ್ದರೆ ಟಪ್ ಟಪ್ ಸದ್ದು ಬರುತ್ತದೆ.

ಸುಲಭ ಪರಿಹಾರ ಡೈರೆಕ್ಟ್ ಮಾನಿಟರ್ ಸ್ವಿಚ್. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ಬದಲು ಪೆಟ್ಟಿಗೆಯೊಳಗಿಂದಲೇ ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರಿನ ಮಾನಿಟರ್ ಆರಿಸಿರಬೇಕು, ಇಲ್ಲದಿದ್ದರೆ ಎರಡೆರಡು ಸಲ ಕೇಳುತ್ತದೆ. ಹಿರಿಯರಿಗಂತೂ ಹೆಡ್‌ಫೋನೇ ಬೇಡ. ಅವರು ಎಂದಿನಂತೆ ಹಾಡಲಿ, ಹೆಡ್‌ಫೋನ್ ನಿಮ್ಮ ಕಿವಿಗೆ ಸಾಕು.

ಕೋಣೆ ಮತ್ತು ಕರೆಂಟು

ಖಾಲಿ ಹಜಾರದಲ್ಲಿ ದನಿ ಗೋಡೆಗೆ ಬಡಿದು ಮರಳಿ ಮೈಕಿಗೆ ಬರುತ್ತದೆ, ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ. ಇದನ್ನು ಯಾವ ಇಂಟರ್‌ಫೇಸೂ ತಡೆಯದು. ಹಾಸಿಗೆ, ಕೌದಿ, ಬಟ್ಟೆ ತುಂಬಿದ ಮಲಗುವ ಕೋಣೆಯನ್ನು ಆರಿಸಿ. ಹಾಡುವವರ ಹಿಂದೆ ಎರಡು ದಪ್ಪ ಕೌದಿ ತೂಗುಹಾಕಿ. ಮೈಕು ಅವರ ಎದುರಿಗಿರುವುದರಿಂದ ಹಿಂದಿನ ಗೋಡೆಯ ಮಾರ್ದನಿಯೇ ಅದಕ್ಕೆ ಹೆಚ್ಚು ಕೇಳುತ್ತದೆ. ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇರಲಿ. ಆಗ "ಪ" "ಭ" ಅಕ್ಷರಗಳ ಗಾಳಿ ನೇರವಾಗಿ ಬಡಿಯುವುದಿಲ್ಲ. ಫ್ಯಾನ್ ಆರಿಸಿ, ಫ್ರಿಜ್ ದೂರವಿರಲಿ. ಕಾಸರಗೋಡಿನವರು ಹಂಚಿನ ಮೇಲೆ ಮಳೆ ಬೀಳದ ತಿಂಗಳನ್ನು ನೋಡಿಕೊಳ್ಳಬೇಕು.

"ಗುಂಯ್" ಎಂಬ ಸದ್ದು ಕೇಳಿದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಮನೆಯ ಅರ್ಥಿಂಗ್ ಸರಿಯಿಲ್ಲ ಎಂಬ ಅನುಮಾನ ಪಡಬಹುದು. ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಪ್ಲಗ್ಗಿನ ಮೂರನೇ ಕಡ್ಡಿ ಮುರಿಯುವ ಉಪಾಯವನ್ನು ಮಾತ್ರ ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ. ಕರೆಂಟು ಹೋಗುವ ಊರಲ್ಲಿ ಹೇಗೂ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡುವುದೇ ಕ್ಷೇಮ. ಪ್ರತಿ ಹಾಡು ಮುಗಿದ ಕೂಡಲೇ ಸೇವ್ ಮಾಡಿ.

ಹಾಡು ಮುಗಿದ ಮೇಲೆ

ರೆಕಾರ್ಡಿಂಗಿನ ಮೊದಲಲ್ಲಿ ನೀವೇ ಮೈಕಿನಲ್ಲಿ ಹೇಳಿ: ಹಾಡುವವರ ಹೆಸರು, ಊರು, ತಾರೀಖು, ಹಾಡು ಯಾರಿಂದ ಕಲಿತದ್ದು. ಇದನ್ನು ಹಂಚಬಹುದೇ, ಯಾರಿಗೆ ಹಂಚಬಹುದು ಎಂದು ಅವರನ್ನೇ ಕೇಳಿ, ಉತ್ತರವೂ ದಾಖಲಾಗಲಿ. ಫೈಲಿನ ಹೆಸರು ಕಳೆದುಹೋದರೂ ಈ ಮಾತು ದನಿಯ ಜೊತೆಗೇ ಉಳಿಯುತ್ತದೆ.

ಮೂಲವನ್ನು ವೇವ್ ಫೈಲಾಗಿ ಇಡಿ. 48 ಕಿಲೋಹರ್ಟ್ಸ್, 24 ಬಿಟ್ ಮೋನೊ ಆದರೆ ಗಂಟೆಗೆ ಸುಮಾರು 520 ಎಂಬಿ, ಸ್ಟೀರಿಯೊ ಆದರೆ ಸುಮಾರು 1 ಜಿಬಿ. ವಾಟ್ಸ್ಆ್ಯಪಿನಲ್ಲಿ ಕಳುಹಿಸಲು ಬೇಕಾದರೆ ಎಂಪಿ3 ಪ್ರತಿ ಬೇರೆ ಮಾಡಿ, ಮೂಲವನ್ನು ಅಳಿಸಬೇಡಿ. ಮೂಲದ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಗದ್ದಲ ತೆಗೆಯುವುದು, ಏರಿಸುವುದು, ಕತ್ತರಿಸುವುದು ಎಲ್ಲವನ್ನೂ ನಕಲಿನ ಮೇಲೆ ಮಾಡಿ.

ಕೊನೆಗೊಂದು ಮಾತು. ಪೆಟ್ಟಿಗೆ ಬಂದ ದಿನವೇ ಅಜ್ಜಿಯ ಮುಂದೆ ಇಡಬೇಡಿ. ಮೊದಲು ಒಂದು ವಾರ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ. ಪತ್ರಿಕೆ ಓದಿ, ಕೂಗಿ, ಪಿಸುಗುಟ್ಟಿ, ಕೇಳಿ ನೋಡಿ. ಕೈಗೆ ಅಭ್ಯಾಸವಾದ ಮೇಲೆ ಹಿರಿಯರ ಬಳಿ ಹೋಗಿ. ಆದರೆ ಆ ವಾರ ತಿಂಗಳಾಗದಿರಲಿ, ತಿಂಗಳು ವರ್ಷವಾಗದಿರಲಿ.

ಹೋದ ಚಳಿಗಾಲದಲ್ಲಿ ಅದೇ ಹಳ್ಳಿಯಲ್ಲಿ ಅತ್ತೆಯ ಗೆಳತಿಯೊಬ್ಬರನ್ನು ಹಾಡಿಸಿದೆ. ಎರಡು ಮೈಕು, ಗೇನ್ ಇಳಿಸಿಯೇ ಇಟ್ಟಿದ್ದೆ. ಅತ್ತೆ ಹಾಸಿಗೆಯಿಂದಲೇ ಮರೆತ ಸಾಲನ್ನು ನೆನಪಿಸುತ್ತಿದ್ದಳು. ಅವಳ ಆ ಸಣ್ಣ ದನಿಯೂ ರೆಕಾರ್ಡಿಂಗಿನಲ್ಲಿದೆ. ಕೆಂಪು ದೀಪ ಒಮ್ಮೆಯೂ ಹೊತ್ತಲಿಲ್ಲ.

ನಿಮ್ಮ ಊರಿನಲ್ಲಿ ನೀವು ಬಳಸುತ್ತಿರುವ ಪೆಟ್ಟಿಗೆ, ಎದುರಾದ ತೊಂದರೆ, ಕಂಡುಕೊಂಡ ಉಪಾಯಗಳನ್ನು ನಮಗೂ ಬರೆದು ತಿಳಿಸಿ. ಒಂದೂರಿನವರ ಅನುಭವ ಇನ್ನೊಂದೂರಿನವರಿಗೆ ಒದಗಲಿ.